ಉನವಟುನ: ಹೆದರದೆ ನೀರಿಗಿಳಿಯಬಹುದಾದ ಕಡಲೂರು

ಕಡಲೂರಿಗೆ ರಜೆಗೆ ಹೋದ ಮೇಲೆ ನೀರಿಗಿಳಿಯಲು ಆಗಬೇಕು. ನನ್ನ ಲೆಕ್ಕ ಇಷ್ಟೇ. ದಡದಲ್ಲಿ ಕೂತು ಚುರುಮುರಿ ತಿಂದು, ಸೂರ್ಯ ಮುಳುಗುವುದನ್ನು ನೋಡಿ ಬರಲು ಶಿವಮೊಗ್ಗ ಜಿಲ್ಲೆಯ ಸಾಗರದವರಾದ ನಮಗೆ ಹೊನ್ನಾವರ, ಮುರ್ಡೇಶ್ವರ ಹತ್ತಿರವೇ ಇವೆ. ಆದರೆ ಅಲ್ಲಿ ನಾನು ಮೊಣಕಾಲಿನ ತನಕ ಇಳಿದರೆ ಹೆಚ್ಚು. ಅಲೆ ಜೋರು, ಸೆಳೆತ ಬೇರೆ. ಅದಕ್ಕಿಂತ ಜಾಸ್ತಿ ಜನರ ಕಣ್ಣು. ಐವತ್ತು ದಾಟಿದ ಹೆಂಗಸು ಒದ್ದೆ ಬಟ್ಟೆಯಲ್ಲಿ ನಿಂತರೆ ಸುಮ್ನೆ ಬಿಡುವ ಕಣ್ಣುಗಳಲ್ಲ ಅವು.

ಅದಕ್ಕೇ ಶ್ರೀಲಂಕಾದ ಉನವಟುನದ ಬಗ್ಗೆ ಬರೆಯುತ್ತಿದ್ದೇನೆ. ದೇಶದ ದಕ್ಷಿಣ ಕರಾವಳಿಯಲ್ಲಿ, ಗಾಲ್ ನಗರದಿಂದ ಐದಾರು ಕಿಲೋಮೀಟರ್ ದೂರದಲ್ಲಿರುವ ಸಣ್ಣ ಊರು. ಕಡಲು ಅಲ್ಲಿ ಅರ್ಧಚಂದ್ರದ ಹಾಗೆ ಒಳಗೆ ಬಾಗಿದೆ. ಹೊರಗಡೆ ಹವಳದ ದಿಬ್ಬ ಇದೆ. ದೊಡ್ಡ ಅಲೆಗಳು ಅಲ್ಲೇ ಒಡೆದು, ದಡಕ್ಕೆ ಬರುವಾಗ ಸಣ್ಣದಾಗಿರುತ್ತವೆ. ನಾನು ಎದೆಮಟ್ಟದ ನೀರಿನಲ್ಲಿ ನಿಂತೆ. ನಮ್ಮನೆಯವರು ಕುಂದಾಪುರದವರು, ಹೊಳೆಯಲ್ಲಿ ಈಜಿ ಬೆಳೆದವರು. ಬೆನ್ನಿಗೆ ಕೈ ಕೊಟ್ಟು ತೇಲುವುದನ್ನು ಹೇಳಿಕೊಟ್ಟರು. ಮೊದಲ ದಿನ ಮೂಗಿನ ತುಂಬ ಉಪ್ಪುನೀರು. ಆಮೇಲೆ ಒಂದು ಬೆಳಿಗ್ಗೆ ಅವರ ಕೈ ಬೆನ್ನಿನ ಕೆಳಗೆ ಇಲ್ಲ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಮೇಲೆ ಆಕಾಶ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವಿಬ್ಬರೂ ಹಾಗೆ ಗಂಟೆಗಟ್ಟಲೆ ನೀರಿನಲ್ಲಿ ಆಡಿದ್ದು ಅಲ್ಲೇ.

ಯಾರೂ ನೋಡಲಿಲ್ಲ. ಇದನ್ನು ಒತ್ತಿ ಹೇಳಬೇಕು. ಪಕ್ಕದಲ್ಲಿ ನನಗಿಂತ ವಯಸ್ಸಾದ ವಿದೇಶಿ ಹೆಂಗಸರು ಈಜುಡುಗೆಯಲ್ಲಿ ಆರಾಮಾಗಿ ಇದ್ದರು. ಭಾನುವಾರ ಬಂದ ಸಿಂಹಳ ಕುಟುಂಬಗಳ ಹೆಂಗಸರು ಟೀ ಶರ್ಟ್, ಪ್ಯಾಂಟಿನಲ್ಲೇ ನೀರಿಗಿಳಿದರು. ನಾನು ಆನ್‌ಲೈನಿನಲ್ಲಿ ತರಿಸಿದ್ದ, ಮೈಪೂರ್ತಿ ಮುಚ್ಚುವ ಈಜುಡುಗೆ ಹಾಕಿದ್ದೆ. ಯಾವುದೂ ಅಲ್ಲಿ ವಿಶೇಷ ಅಲ್ಲ.

ಖರ್ಚಿನ ಮಾತಿಗೆ ಬರುತ್ತೇನೆ. ನಾವಿಬ್ಬರೂ ಸಂಬಳದವರು. ಮಾಲ್ಡೀವ್ಸ್ ಅಂತ ಮಗಳು ಹೇಳಿದಾಗ ನೀರಿನ ಮೇಲೆ ಕಟ್ಟಿದ ಅಲ್ಲಿನ ಕೋಣೆಗಳ ಬಾಡಿಗೆ ನೋಡಿ ಆ ಮಾತು ಅಲ್ಲಿಗೇ ನಿಲ್ಲಿಸಿದೆವು. ಉನವಟುನದಲ್ಲಿ ಒಂದು ವಾರದ ಆಸುಪಾಸು ಇದ್ದು, ವಿಮಾನ, ಊಟ, ಓಡಾಟ ಎಲ್ಲ ಸೇರಿ ಇಬ್ಬರಿಗೂ 80 ಸಾವಿರದ ಒಳಗೆ ಮುಗಿಯಿತು. ಅದರಲ್ಲಿ ಅರ್ಧಕ್ಕೆ ಹತ್ತಿರ ವಿಮಾನದ ಟಿಕೆಟ್ಟಿಗೇ ಹೋಯಿತು. ನಮ್ಮ ಒಂದು ರೂಪಾಯಿಗೆ ಅಲ್ಲಿನ ಸುಮಾರು ಮೂರೂವರೆ ರೂಪಾಯಿ ಸಿಗುತ್ತದೆ. ಹಾಗಾಗಿ ಬೋರ್ಡಿನಲ್ಲಿ 1,000 ಅಂತ ಕಂಡರೆ ಗಾಬರಿ ಬೇಡ.

ಇಳಿದುಕೊಂಡದ್ದು ಹೋಟೆಲಿನಲ್ಲಿ ಅಲ್ಲ, ಒಂದು ಮನೆಯ ಮಹಡಿಯಲ್ಲಿ. ಉನವಟುನದ ಒಳಗಿನ ಓಣಿಗಳಲ್ಲಿ ಇಂಥ ಮನೆಗಳು ತುಂಬಾ ಇವೆ. ಕೆಳಗೆ ಮನೆಯವರು, ಮೇಲೆ ಎರಡೋ ಮೂರೋ ಕೋಣೆ. ಕಡಲಿಗೆ ಐದು ನಿಮಿಷದ ನಡಿಗೆ. ಫ್ಯಾನು, ಸೊಳ್ಳೆಪರದೆ, ಮುಂದೆ ಒಂದು ಜಗಲಿ. ಬೆಳಗಿನ ತಿಂಡಿ ಸೇರಿ ದಿನಕ್ಕೆ ನಮ್ಮ 2,500 ರೂಪಾಯಿ. ಹಾಸಿಗೆ ಸ್ವಚ್ಛವಾಗಿತ್ತು. ಬಚ್ಚಲಿನಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಕೂದಲಿನ ಉಪ್ಪು ಹೋಗಬೇಕಾದರೆ ತಾಳ್ಮೆ ಬೇಕು. ಜಗಲಿಯಲ್ಲಿ ಬಟ್ಟೆ ಒಣಗಿಸಿದರೆ ಕೋತಿಗಳನ್ನು ಕಾಯಬೇಕು. ಮಲೆನಾಡಿನವರಿಗೆ ಇದು ಹೊಸದಲ್ಲ ಬಿಡಿ. ಕಡಲಿನ ಎದುರಿಗೇ ಇರುವ ಕೋಣೆಗಳಿಗೆ ದುಪ್ಪಟ್ಟು ಬಾಡಿಗೆ, ಜೊತೆಗೆ ರಾತ್ರಿ ರೆಸ್ಟೋರೆಂಟುಗಳ ಹಾಡಿನ ಗಲಾಟೆ. ಓಣಿಯೊಳಗಿನ ಮನೆಯೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆ ಮನೆಯ ಅಮ್ಮನ ತಿಂಡಿಯ ಬಗ್ಗೆ ಒಂದು ಪುಟ ಬರೆಯಬಹುದು. ಕೆಂಪಕ್ಕಿಯ ಒತ್ತು ಶಾವಿಗೆ, ತೆಳ್ಳಗಿನ ಸಣ್ಣ ಸುತ್ತುಗಳು. ಜೊತೆಗೆ ತೆಂಗಿನಹಾಲು ಹಾಕಿದ ಬೇಳೆ. ಅವರು ಅದಕ್ಕೆ ಪರಿಪ್ಪು ಅನ್ನುತ್ತಾರೆ. ಇನ್ನೊಂದು ಬಟ್ಟಲಿನಲ್ಲಿ ಪೊಲ್ ಸಂಬೋಲ. ಕಾಯಿತುರಿ, ಕೆಂಪು ಮೆಣಸಿನ ಪುಡಿ, ಈರುಳ್ಳಿ, ನಿಂಬೆರಸ ಸೇರಿಸಿ ಕುಟ್ಟಿದ್ದು. ಸಸ್ಯಾಹಾರಿಗಳು ಇಲ್ಲಿ ಎಚ್ಚರ ಇರಬೇಕು. ಪೊಲ್ ಸಂಬೋಲಕ್ಕೆ ಒಣಮೀನಿನ ಚೂರು ಹಾಕುವುದು ಅಲ್ಲಿನ ರೂಢಿ. ಉಂಬಲಕಡ ಅಂತ ಅದರ ಹೆಸರು. ಬೇಳೆಗೆ, ಪಲ್ಯಕ್ಕೂ ಕೆಲವರು ಹಾಕುತ್ತಾರೆ. ನಾನು ಮೀನು ತಿನ್ನುವವಳಲ್ಲ. ಮೊದಲೇ 'ಉಂಬಲಕಡ ಬೇಡ' ಅಂತ ಹೇಳಿದರೆ ಸಾಕು, ಬೇಸರವಿಲ್ಲದೆ ಬೇರೆ ಮಾಡಿಕೊಡುತ್ತಾರೆ. 'ವೆಜ್' ಅಂತಷ್ಟೇ ಹೇಳಿದರೆ ಸಾಲದು.

ಮಧ್ಯಾಹ್ನಕ್ಕೆ ಅನ್ನ ಮತ್ತು ನಾಲ್ಕೈದು ಬಗೆಯ ಕರಿ. ಬಸ್ ಓಡುವ ಮುಖ್ಯರಸ್ತೆಯ ಬದಿಯ ಚಿಕ್ಕ ಅಂಗಡಿಗಳಲ್ಲಿ ತಿನ್ನಿ, ಕಡಲ ಎದುರಿನ ಅಂಗಡಿಗಳಲ್ಲಿ ಬೇಡ. ರುಚಿಯೂ ಮೇಲು, ಬೆಲೆ ಅರ್ಧಕ್ಕಿಂತ ಕಡಿಮೆ. ಅಲ್ಲಿ ನನಗೆ ಸಿಕ್ಕ ಖುಷಿ ಬೇರೆಯೇ. ಎಳೆ ಹಲಸಿನಕಾಯಿಯ ಕರಿ, ಬಾಳೆಹೂವಿನ ಪಲ್ಯ, ಕಾಯಿತುರಿ ಬೆರೆಸಿದ ಹಸಿ ಒಂದೆಲಗ. ಒಂದೆಲಗದ ತಂಬುಳಿ ಉಂಡು ಬೆಳೆದ ನಾನು ಅಲ್ಲಿ ಅದೇ ಸೊಪ್ಪನ್ನು ಗೊಟುಕೊಲ ಅನ್ನುವ ಹೆಸರಿನಲ್ಲಿ ಎರಡೆರಡು ಸಲ ಹಾಕಿಸಿಕೊಂಡೆ. ನಮ್ಮನೆಯವರಿಗೆ ಅಂಬುಲ್ ತಿಯಲ್ ಸಿಕ್ಕಿತು. ಟ್ಯೂನಾ ಮೀನಿನ ಹುಳಿ, ರಸ ಬತ್ತುವ ತನಕ ಬೇಯಿಸಿದ್ದು. ಹುಳಿಗೆ ಗೊರಕ ಹಾಕುತ್ತಾರೆ. ಅಂಗಡಿಯವರು ಒಣಗಿದ ಕಪ್ಪು ತುಂಡು ತಂದು ತೋರಿಸಿದರು. ನೋಡಿದರೆ ನಮ್ಮ ಉಪ್ಪಾಗೆ! ಕಾಡಿನಲ್ಲಿ ಹೆಕ್ಕಿ ತಂದು ಹೊಗೆಗೆ ಒಣಗಿಸುತ್ತೇವಲ್ಲ, ಅದೇ. ಕಡೆಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಮೇಲೆ ಬೈನೆ ಮರದ ಬೆಲ್ಲದ ಪಾಕ. ಇದನ್ನು ತಿನ್ನದೆ ಆ ದ್ವೀಪದಿಂದ ಹೊರಡಬೇಡಿ.

ಹೋಗುವ ದಾರಿಯೇ ಅರ್ಧ ರಜೆ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಆಸುಪಾಸು. ಗಡಿಯಾರ ಬದಲಿಸುವುದೂ ಬೇಡ, ಎರಡೂ ಕಡೆ ಒಂದೇ ಸಮಯ. ವಿಮಾನ ನಿಲ್ದಾಣ ಇರುವುದು ಕೊಲಂಬೊದಿಂದ ಉತ್ತರಕ್ಕೆ, ಕಟುನಾಯಕದಲ್ಲಿ. ಅಲ್ಲಿಂದ ನೇರ ಉನವಟುನಕ್ಕೆ ಟ್ಯಾಕ್ಸಿ ಹಿಡಿದರೆ ದುಬಾರಿ. ನಾವು ಕೊಲಂಬೊ ಫೋರ್ಟ್ ಸ್ಟೇಷನ್ನಿಗೆ ಬಂದು ಗಾಲ್ ರೈಲು ಹತ್ತಿದೆವು. ಕಾದಿರಿಸದ ಎರಡನೇ ದರ್ಜೆ, ಇಬ್ಬರಿಗೂ ಸೇರಿ ನಮ್ಮ 300 ರೂಪಾಯಿಯ ಆಸುಪಾಸು. ದಕ್ಷಿಣಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆಗೇ ಇರುವುದು. ಕೊಲಂಬೊ ದಾಟುವ ಮೊದಲೇ ಹಳಿ ನೀರಿನ ಅಂಚಿಗೆ ಬಂದುಬಿಡುತ್ತದೆ. ಅಲೆಯ ಹನಿ ಕಿಟಕಿಗೆ ಬಡಿಯುವಷ್ಟು ಹತ್ತಿರ. ಕಳುತರದಲ್ಲಿ ದೊಡ್ಡ ಬಿಳಿ ಸ್ತೂಪ, ಆಮೇಲೆ ಬೆಂಟೋಟ, ಅಂಬಲಂಗೊಡ, ಹಿಕ್ಕಡುವ. ಎರಡೂವರೆ ಮೂರು ಗಂಟೆಯಲ್ಲಿ ಗಾಲ್.

ಹಿಕ್ಕಡುವಕ್ಕೆ ಸ್ವಲ್ಪ ಮೊದಲು ಪೆರಲಿಯ ಎಂಬ ಊರು ಬರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಇದೇ ದಾರಿಯ ರೈಲೊಂದು ಅಲ್ಲಿ ನೀರಿಗೆ ಸಿಕ್ಕಿತು. ಸಾವಿರಕ್ಕೂ ಹೆಚ್ಚು ಜನ ಅದೊಂದರಲ್ಲೇ ಸತ್ತರು. ಈಗ ಅಲ್ಲಿ ಎತ್ತರದ ಬುದ್ಧನ ವಿಗ್ರಹ ಇದೆ. ನಾವಿದ್ದ ಮನೆಗೂ ಅಂದು ಆಳೆತ್ತರ ನೀರು ನುಗ್ಗಿತ್ತಂತೆ. ಮನೆಯ ಅಮ್ಮ ಗೋಡೆಯ ಮೇಲೆ ಕೈಯಿಟ್ಟು ಎಲ್ಲಿಯ ತನಕ ಅಂತ ತೋರಿಸಿದರು. ಆ ಊರಿಗೆ ಹೋಗುವವರು ಇದನ್ನು ತಿಳಿದು ಹೋಗುವುದು ಒಳ್ಳೆಯದು.

ಗಾಲ್ ಕೋಟೆಗೆ ಒಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ. ಪೋರ್ಚುಗೀಸರು ಶುರು ಮಾಡಿದ್ದನ್ನು ಡಚ್ಚರು ಗಟ್ಟಿ ಮಾಡಿ ಕಟ್ಟಿದರು. 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಒಳಗೆ ಜನ ಇಂದಿಗೂ ವಾಸ ಮಾಡುತ್ತಾರೆ. ಕೋಟೆ ಗೋಡೆಯ ಮೇಲೆ ನಡೆಯಲು ಟಿಕೆಟ್ ಇಲ್ಲ. ಒಳಗಿನ ಕಾಫಿ ಅಂಗಡಿಗಳು ಮಾತ್ರ ಜೇಬಿಗೆ ಭಾರ. ಗೋಡೆಯ ಮೇಲಿಂದ ಕೆಳಗೆ ಕ್ರಿಕೆಟ್ ಮೈದಾನ ಕಾಣುತ್ತದೆ. ಸುನಾಮಿಯಲ್ಲಿ ಹಾಳಾಗಿ ಮತ್ತೆ ಕಟ್ಟಿದ ಮೈದಾನ. 2010ರಲ್ಲಿ ಮುರಳೀಧರನ್ ತನ್ನ ಕೊನೆಯ ಟೆಸ್ಟಿನಲ್ಲಿ 800ನೇ ವಿಕೆಟ್ ತೆಗೆದದ್ದು ಇಲ್ಲೇ, ನಮ್ಮವರ ವಿರುದ್ಧ. ನಮ್ಮನೆಯವರು ಅಲ್ಲಿಂದ ಅಲುಗಾಡಲಿಲ್ಲ. ನಾನು ಲೈಟ್‌ಹೌಸ್ ಕಡೆ ಒಬ್ಬಳೇ ನಡೆದು ಹೋಗಿ ಬಂದೆ. ಒಬ್ಬಳೇ ನಡೆಯಲು ಎಲ್ಲೂ ಅಳುಕಾಗಲಿಲ್ಲ.

ಉನವಟುನದ ಪಕ್ಕದ ರುಮಸ್ಸಲ ಗುಡ್ಡ ಹನುಮಂತ ಸಂಜೀವಿನಿ ಹೊತ್ತು ಹೋಗುವಾಗ ಬಿದ್ದ ತುಂಡು ಅಂತ ಅಲ್ಲಿನವರ ನಂಬಿಕೆ. ಮೇಲೆ ಜಪಾನೀಯರು ಕಟ್ಟಿದ ಬಿಳಿ ಶಾಂತಿ ಸ್ತೂಪ. ಸಂಜೆ ಹೊತ್ತು ಹತ್ತಿ ಬನ್ನಿ.

ಇಷ್ಟವಾಗದ್ದೂ ಇದೆ. ಅದೇ ಕರಾವಳಿಯ ಮಿರಿಸ್ಸ ಎಂಬ ಊರಿನಿಂದ ತಿಮಿಂಗಿಲ ನೋಡಲು ದೋಣಿಯಲ್ಲಿ ಹೋದೆವು. ಆ ಕಡಲಿನಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ನೀಲಿ ತಿಮಿಂಗಿಲಗಳು ದಡಕ್ಕೆ ಹತ್ತಿರ ಬರುತ್ತವೆ. ನೆಲ ಅಲ್ಲಿ ಬೇಗ ಆಳಕ್ಕೆ ಇಳಿಯುವುದರಿಂದ ಹಾಗೆ. ಕಂಡಿತು, ನಿಜ. ಬೆನ್ನು ನೀರಿನಿಂದ ಎದ್ದಾಗ ಉಸಿರು ನಿಂತ ಹಾಗಾಯಿತು. ಆದರೆ ಒಂದು ಪ್ರಾಣಿಯ ಸುತ್ತ ಎಷ್ಟೊಂದು ದೋಣಿ! ನಮ್ಮ ದೋಣಿಯವನೂ ಬೆನ್ನಟ್ಟಿದ. ಅದು ಮುಳುಗಿದ ಕಡೆಗೆಲ್ಲ ತಿರುಗಿಸಿದ. ದೂರ ನಿಲ್ಲಿಸು ಅಂತ ಕೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಮನಸ್ಸು ಕೆಟ್ಟಿತು. ಅಲ್ಲಿನ ಓಡಾಟದಲ್ಲೆಲ್ಲ ದುಬಾರಿಯಾದದ್ದೂ ಅದೇ. ಹೋಗುವುದಾದರೆ ದೂರ ಕಾಯ್ದುಕೊಳ್ಳುತ್ತೀರಾ ಅಂತ ಮೊದಲೇ ವಿಚಾರಿಸಿ, ಬೇರೆಯವರ ಅನುಭವ ಓದಿ, ಆಮೇಲೆ ಹಣ ಕೊಡಿ.

ಇನ್ನು ದಡದ ಮರಳು. ಒಮ್ಮೆ ಕಡಲು ಕೊರೆದು ಮರಳೆಲ್ಲ ಹೋಗಿ, ಮತ್ತೆ ತಂದು ತುಂಬಿಸಿದ್ದಾರೆ. ರೆಸ್ಟೋರೆಂಟುಗಳು ನೀರಿನ ತೀರಾ ಹತ್ತಿರಕ್ಕೆ ಬಂದಿವೆ. ಭಾರತದಲ್ಲೇ ಇದಕ್ಕಿಂತ ಉದ್ದದ, ಖಾಲಿಯಾದ ಮರಳು ಸಿಗುತ್ತದೆ. ಬರೀ ನಡೆಯಲು ಹೋಗುವವರಿಗೆ ಇಲ್ಲಿ ಜಾಗ ಸಾಲದು. ಆಟೊದವರು ಹೇಳುವ ಮೊದಲ ಬೆಲೆಗೆ ಒಪ್ಪಬೇಡಿ. ಪಿಕ್‌ಮಿ ಅನ್ನುವ ಆ್ಯಪ್ ಹಾಕಿಕೊಂಡರೆ ಸರಿಯಾದ ಬೆಲೆ ಗೊತ್ತಾಗುತ್ತದೆ. ಗಾಲ್‌ಗೆ ಬಸ್ಸಿನಲ್ಲೇ ಹೋಗಿ. ಹಾಡು ಜೋರು, ಓಟವೂ ಜೋರು, ಆದರೆ ಕೆಲವೇ ರೂಪಾಯಿ.

ಯಾವಾಗ ಹೋಗಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಡಿಸೆಂಬರಿನಿಂದ ಏಪ್ರಿಲ್ ತನಕ ದಕ್ಷಿಣದ ಕಡಲು ಶಾಂತ. ಮೇ ತಿಂಗಳಿನಿಂದ ಮುಂಗಾರು. ಆಗ ಈ ಕೊಲ್ಲಿಯೂ ಕೆರಳುತ್ತದೆ, ನೀರು ಕದಡುತ್ತದೆ. ಮಳೆಗಾಲದಲ್ಲೇ ಹೋಗಬೇಕಾದವರು ಪೂರ್ವದ ಟ್ರಿಂಕಾಮಲಿ ಕಡೆ ನೋಡಲಿ. ನಾನು ಶಾಲೆಯಲ್ಲಿ ಕೆಲಸ ಮಾಡುವವಳು, ಬೇಸಿಗೆ ರಜೆ ಬಿಟ್ಟರೆ ಬೇರೆ ದಾರಿ ಇಲ್ಲ. ಅದು ಸುಮಾರು ಏಪ್ರಿಲ್ 10ರ ಹೊತ್ತಿಗೆ ಶುರು. ಆದರೆ 13, 14ಕ್ಕೆ ಅಲ್ಲಿ ಸಿಂಹಳ, ತಮಿಳು ಹೊಸ ವರ್ಷ. ಅಂಗಡಿ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ರೈಲು, ಬಸ್ಸು ತುಂಬಿರುತ್ತವೆ. ನಾವು ಅದು ಕಳೆದ ಮೇಲೆ ಹೋದೆವು. ಬೆಳಿಗ್ಗೆ ತಿಳಿನೀರು, ಕೆಲವು ಸಂಜೆ ಗುಡುಗು ಮಳೆ. ನೀರಿಗಿಳಿಯುವುದನ್ನು ಬೆಳಿಗ್ಗೆಯೇ ಮುಗಿಸಿದರೆ ಏನೂ ತೊಂದರೆ ಇಲ್ಲ. ಹುಣ್ಣಿಮೆ ದಿನ ಅಲ್ಲಿ ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ. ಬಿಯರ್ ಬೇಕು ಅನ್ನುವವರು ಕ್ಯಾಲೆಂಡರ್ ನೋಡಿಕೊಳ್ಳಿ.

ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಅದಕ್ಕೆ ಮೊದಲೇ ಅರ್ಜಿ ಹಾಕಿ, ಸಿಕ್ಕ ಮೇಲೆ ವಿಮಾನದ ಟಿಕೆಟ್ ತೆಗೆಯಿರಿ. ಪ್ರವೇಶದ ಇಟಿಎ ಅನುಮತಿಯನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ಮಾಡಿ. ಅದೇ ಥರ ಕಾಣುವ ಖಾಸಗಿ ತಾಣಗಳು ಜಾಸ್ತಿ ಹಣ ಕೇಳುತ್ತವೆ. ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ, ಹೊರಡುವ ಮುಂಚೆ ಮತ್ತೊಮ್ಮೆ ನೋಡಿ. 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ಬಂದಿದೆ, ಆದರೆ ಓಣಿಯ ಮನೆಗಳಿಗೆ, ಊಟದ ಅಂಗಡಿಗಳಿಗೆ ನಗದೇ ಬೇಕು. ಕೋಣೆ ಕೇಳುವಾಗ ಮಹಡಿಯಲ್ಲೇ, ಗುಡ್ಡಕ್ಕೆ ಮುಖ ಮಾಡಿದ್ದನ್ನೇ ಕೇಳಿ. ಮಧ್ಯಾಹ್ನ ಈಜಿ ಬಂದು ಮಲಗುವಾಗ ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.