ಫಾಲೋ-ಅಪ್ ಪ್ಯಾಕೇಜ್ 18,000 ರೂಪಾಯಿ: ಆ್ಯಪ್‌ಗೆ ಒಂದು ಸ್ಟಾರ್, ಡಯಟೀಷಿಯನ್ ಮೇಡಂಗೆ ಐದು

ಮೊದಲೇ ಹೇಳಿಬಿಡುತ್ತೇನೆ, ಇದು ಆಪರೇಷನ್ ರಿವ್ಯೂ ಅಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ತೂಕ ಇಳಿಸುವ ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ಒಂದು ವರ್ಷದ ಫಾಲೋ-ಅಪ್ ಪ್ಯಾಕೇಜ್ ಅಂತ ಮಾರುತ್ತಾರಲ್ಲ, ಅದರ ಬಗ್ಗೆ ಇದು. ಆಸ್ಪತ್ರೆ ಹೆಸರು ಹಾಕುವುದಿಲ್ಲ. ಬೆಂಗಳೂರಲ್ಲೇ ಇದೆ, ಪಾರ್ಕಿಂಗ್ ಸಿಗುವುದಿಲ್ಲ, ಅಷ್ಟು ಸಾಕು.

ನನಗೆ 51 ವರ್ಷ. ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎತ್ತರ 168 ಸೆಂಟಿಮೀಟರ್, ಕಳೆದ ಜುಲೈನಲ್ಲಿ ತೂಕ 118 ಕೆಜಿ. 11 ವರ್ಷದಿಂದ ಶುಗರ್, ರಾತ್ರಿ ಹೊತ್ತು ಇನ್ಸುಲಿನ್. ಮಾಡಿಸಿದ್ದು ಸ್ಲೀವ್. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ದಾಟಿದ್ದರಿಂದ ಇನ್ಶೂರೆನ್ಸ್‌ನವರು ಆಪರೇಷನ್‌ಗೆ ಒಪ್ಪಿದರು. ಪ್ಯಾಕೇಜ್‌ಗೆ ಒಪ್ಪಲಿಲ್ಲ. ಆ 18,000 ನನ್ನ ಕೈಯಿಂದ ಹೋಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಆ ದುಡ್ಡಿಗೆ ಸಿಕ್ಕಿದ್ದು: ಫೋನಿಗೆ ಒಂದು ಆ್ಯಪ್, ಮನೆಗೆ ಒಂದು ತೂಕದ ಮೆಷಿನ್, ಮೂರು ಸಲ ರಕ್ತ ಪರೀಕ್ಷೆ, ತಿಂಗಳಿಗೊಂದು ಮೀಟಿಂಗ್, ಡಯಟೀಷಿಯನ್ ಜೊತೆ ಆರು ಭೇಟಿ.

ಆ್ಯಪ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ನನ್ನ ನೆಮ್ಮದಿ ಹಾಳು ಮಾಡಿದ್ದು ಅದೇ. ಅದರಲ್ಲಿ ಎರಡು ಗೆರೆ. ಹಸಿರು ಗೆರೆ ನೀವು ಇರಬೇಕಾದ ತೂಕ, ಕೆಂಪು ಗೆರೆ ನೀವು ಇರುವ ತೂಕ. ಮೊದಲ ಎರಡು ವಾರ ಬರೀ ನೀರು, ಗಂಜಿ ತಿಳಿ, ಪ್ರೋಟೀನ್ ಪುಡಿ ಕಲಸಿದ ಹಾಲು. 118 ಇದ್ದದ್ದು 110ಕ್ಕೆ ಬಂತು. ಕೆಂಪು ಗೆರೆ ಹಸಿರಿಗಿಂತ ಕೆಳಗೆ ಓಡುತ್ತಿತ್ತು. ನಾನು ಅಂಗಡಿಯವರಿಗೆಲ್ಲ ಫೋನಲ್ಲಿ ತೋರಿಸಿದೆ. ಮೂರನೇ ವಾರ ನಿಂತಿತು. 110, 110, 110.2, 110. ಹನ್ನೆರಡು ದಿನ ಹಾಗೇ. ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಆ್ಯಪ್ ಟಿಂಗ್ ಅನ್ನುತ್ತಿತ್ತು: ನೀವು ಗುರಿಗಿಂತ ಹಿಂದೆ ಇದ್ದೀರಿ. ಕಾಲು ಲೋಟ ಗಂಜಿ ಕುಡಿದು ಬದುಕಿದ್ದವನಿಗೆ ಬೆಳಗಾಗೆದ್ದು ಕೇಳುವ ಮಾತಾ ಇದು?

ಮೂರನೇ ವಾರ ನಿಲ್ಲುವುದು ತುಂಬ ಜನಕ್ಕೆ ಆಗುತ್ತದಂತೆ. ಮೊದಲು ಇಳಿಯುವುದರಲ್ಲಿ ನೀರಿನ ಪಾಲು ದೊಡ್ಡದು. ದೇಹ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಖರ್ಚಾಗುವಾಗ ಅದು ಹಿಡಿದಿಟ್ಟ ನೀರೂ ಹೊರಗೆ ಹೋಗುತ್ತದೆ. ಆಮೇಲೆ ದೇಹ ಸ್ವಲ್ಪ ನೀರು ವಾಪಸ್ ಹಿಡಿದುಕೊಳ್ಳುತ್ತದೆ. ಒಳಗೆ ಕೊಬ್ಬು ಕರಗುತ್ತಿದ್ದರೂ ಮುಳ್ಳು ಅಲ್ಲಾಡುವುದಿಲ್ಲ. ಇಷ್ಟನ್ನು ಆ್ಯಪ್‌ನಲ್ಲಿ ಎರಡು ಸಾಲು ಬರೆದಿದ್ದರೆ ನಾನು ಆ ಹನ್ನೆರಡು ರಾತ್ರಿ ನಿದ್ದೆ ಮಾಡುತ್ತಿದ್ದೆ.

ಇನ್ನೊಂದು ವಿಷಯ. ಆ ಹಸಿರು ಗೆರೆ ಸರಾಸರಿ. ಸರಾಸರಿ ಅಂದರೆ ಏನು ಅಂತ ಲೆಕ್ಕ ಬರೆಯುವವನಿಗೆ ಹೇಳಿಕೊಡಬೇಕಾ? ಕೆಲವರು ಮೇಲೆ ಇರುತ್ತಾರೆ, ಕೆಲವರು ಕೆಳಗೆ. ಹಳೇ ಶುಗರ್ ಇರುವವರಿಗೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ವಯಸ್ಸಾದವರಿಗೆ ನಿಧಾನವಾಗಿ ಇಳಿಯುವುದು ಸಾಮಾನ್ಯ. ನಾನು ಮೂರೂ ಹೌದು. ಆದರೆ ಆ್ಯಪ್‌ಗೆ ನಾನೂ ಒಂದೇ, 28 ವರ್ಷದ ಸಾಫ್ಟ್‌ವೇರ್ ಹುಡುಗನೂ ಒಂದೇ.

ತೂಕದ ಮೆಷಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೂಕ ಸರಿಯಾಗಿ ತೋರಿಸುತ್ತದೆ. ಕೊಬ್ಬು ಎಷ್ಟು, ಮೂಳೆ ಎಷ್ಟು ಅಂತ ತೋರಿಸುವುದನ್ನು ನಂಬಬೇಡಿ. ಕಾಲಿನ ಮೂಲಕ ಸಣ್ಣ ಕರೆಂಟ್ ಹಾಯಿಸಿ ಅಂದಾಜು ಮಾಡುತ್ತದೆ, ನೀರು ಕುಡಿದರೆ ಒಂದು, ಕುಡಿಯದಿದ್ದರೆ ಇನ್ನೊಂದು. ನಾನು ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಅದನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. "ರೀ, ಭಾನುವಾರ ಇಳಿಸಿ ಕೊಡ್ತೀನಿ. ಉಳಿದ ದಿನ ಕೇಳಬೇಡಿ." ಪ್ಯಾಕೇಜ್‌ನಲ್ಲಿ ಇಲ್ಲದ ಸೇವೆ, ಅದಕ್ಕೂ ಐದು ಸ್ಟಾರ್.

ಮೀಟಿಂಗ್ ಮೂರನೇ ಶನಿವಾರ. ಕ್ಯಾಂಟೀನ್ ಪಕ್ಕದ ಹಾಲ್‌ನಲ್ಲಿ ಬೈಪಾಸ್‌ನವರು (ಹಾರ್ಟ್ ಬೈಪಾಸ್ ಅಲ್ಲ, ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಇನ್ನೊಂದು ತೂಕದ ಆಪರೇಷನ್) ಒಂದು ಕಡೆ, ಸ್ಲೀವ್‌ನವರು ಒಂದು ಕಡೆ ಕೂರುತ್ತಾರೆ, ಮದುವೆ ಮನೆಯಲ್ಲಿ ಗಂಡಿನ ಕಡೆ ಹೆಣ್ಣಿನ ಕಡೆ ಕೂತ ಹಾಗೆ. ಮೊದಲು ಎಲ್ಲರೂ ಎದ್ದು ನಿಂತು ಎಷ್ಟು ಇಳಿಯಿತು ಅಂತ ಹೇಳಬೇಕು. ನನ್ನ ಜೊತೆ ಅದೇ ವಾರ ಬೈಪಾಸ್ ಮಾಡಿಸಿಕೊಂಡ ಒಬ್ಬರು ಡಿಸೆಂಬರ್‌ನಲ್ಲಿ 32 ಕೆಜಿ ಅಂದರು. ಚಪ್ಪಾಳೆ. ನಾನು 16 ಅಂದೆ. ಅದಕ್ಕೂ ಚಪ್ಪಾಳೆ ಹೊಡೆದರು, ಆದರೆ ಅದು ಮಕ್ಕಳ ಹಾಡಿಗೆ ಹೊಡೆಯುವ ಚಪ್ಪಾಳೆ. ಹಾಗಂತ ಮೀಟಿಂಗ್ ದಂಡ ಅಲ್ಲ. ಕೂದಲು ಉದುರುವುದು ಮೂರನೇ ತಿಂಗಳಿಂದ ಶುರುವಾಗಿ ಕೆಲವು ತಿಂಗಳಲ್ಲಿ ನಿಲ್ಲುತ್ತದೆ ಅನ್ನುವುದು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗದೆ ಎರಡು ಗಂಟೆ ಬಿಡಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಅಲ್ಲೇ, ಟೀ ಬ್ರೇಕ್‌ನಲ್ಲಿ. ಆ ಎದ್ದು ನಿಂತು ಹೇಳುವುದೊಂದು ಬಿಟ್ಟರೆ ಮೂರು ಸ್ಟಾರ್ ಕೊಡಬಹುದು.

ಈಗ ಡಯಟೀಷಿಯನ್ ಮೇಡಂ.

ಮೊದಲ ಎರಡು ಭೇಟಿ ಮಾಮೂಲು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ 6 ಗ್ರಾಂ ಮಾತ್ರ, ಊಟದ ಜೊತೆ ನೀರು ಕುಡಿಯಬೇಡಿ, ಊಟ ಆದ ಮೇಲೆ ಅರ್ಧ ಗಂಟೆ ಬಿಡಿ. ನಾನು ತಲೆ ಆಡಿಸಿದೆ. ಮನೆಯಲ್ಲಿ ಸಾರಿನ ತಿಳಿ ಬಸಿದು ಕುಡಿದು ಬೇಳೆ ತಿಂದೆ ಅಂತ ಬರೆದಿದ್ದೆ. ಅವರು ನಕ್ಕು, "ಸರ್, ಬೇಳೆ ತಳದಲ್ಲಿ ಉಳೀತು, ನೀವು ಕುಡಿದಿದ್ದು ಹುಣಸೆಹುಳಿ ನೀರು" ಅಂದರು.

ಮೂರನೇ ಭೇಟಿ ದಸರಾ ಕಳೆದ ಮೇಲೆ. ರಜೆಗೆ ಊರಿಗೆ ಹೋಗಿದ್ದೆ, ಕುಣಿಗಲ್ ಹತ್ತಿರ. ಅಮ್ಮ ಬಸ್ಸಾರು ಮುದ್ದೆ ಮಾಡಿದ್ದರು. ಮುದ್ದೆ ತಿನ್ನುವವರಿಗೆ ಗೊತ್ತು, ಅಗಿದರೆ ಅವಮಾನ. ತುತ್ತು ಮುರಿದು, ಸಾರಲ್ಲಿ ಅದ್ದಿ, ನುಂಗಬೇಕು. ಸ್ಲೀವ್‌ನವರು ಪ್ರತಿ ತುತ್ತನ್ನೂ 25–30 ಸಲ ಅಗಿಯಬೇಕು. ನಾನು ನೆಲ್ಲಿಕಾಯಿ ಗಾತ್ರದ ತುತ್ತು ನುಂಗಿದೆ. ಎದೆ ನಡುವೆ ಕಲ್ಲು ಇಟ್ಟ ಹಾಗೆ ನಿಂತಿತು. ಬಾಯಿ ತುಂಬ ನೊರೆ ನೊರೆ ಉಗುಳು. ಹಿತ್ತಲಲ್ಲಿ ಬಗ್ಗಿ ಮುಕ್ಕಾಲು ಗಂಟೆ ನಿಂತಿದ್ದೆ. ಅಮ್ಮ ಬೆನ್ನು ನೀವುತ್ತಾ, "ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅಂತಾರೆ, ಇದೇನ್ಲಾ ಮಗಾ ಒಂದು ತುತ್ತಿಗೆ ಹಿಂಗಾದೆ" ಅಂತ ಅತ್ತರು. ಆವತ್ತಿಂದ ನನಗೆ ಗಟ್ಟಿ ಊಟ ಅಂದರೆ ಭಯ. ಚಪಾತಿ ಬಿಟ್ಟೆ, ಪನೀರ್ ಬಿಟ್ಟೆ, ಕಾಳು ಬಿಟ್ಟೆ. ಮೆತ್ತಗೆ ಇರುವುದು, ಸುಲಭವಾಗಿ ಇಳಿಯುವುದು, ಅಷ್ಟನ್ನೇ ಹುಡುಕಿದೆ. ಮೇಡಂ ಮುದ್ದೆ ಕಥೆ ಕೇಳಿಸಿಕೊಂಡು ಅಗಿಯುವುದನ್ನು ಮತ್ತೆ ಹೇಳಿ ಕಳಿಸಿದರು. ಮೆತ್ತಗಿರುವುದರ ಹಿಂದೆ ಬಿದ್ದಿದ್ದನ್ನು ನಾನು ಹೇಳಲಿಲ್ಲ. ನನಗೂ ಅದು ಹೇಳುವಂಥ ವಿಷಯ ಅನ್ನಿಸಿರಲಿಲ್ಲ.

ಜನವರಿಯಲ್ಲಿ ಆರು ತಿಂಗಳ ಭೇಟಿ. ತೂಕ 101. ಹಸಿರು ಗೆರೆ 88ರಲ್ಲಿತ್ತು. ಅಂಗಡಿಯಲ್ಲಿ ಯಜಮಾನರು, "ಏನ್ರೀ, ಆಪರೇಷನ್ ದುಡ್ಡು ವಾಪಸ್ ಕೇಳ್ರೀ" ಅಂತ ತಮಾಷೆ ಮಾಡುವಷ್ಟಾಗಿತ್ತು. ಇನ್ನೊಂದು ಸಲ ಹೊಟ್ಟೆ ಹೊಲಿಸಿಕೊಳ್ಳಬೇಕೇನೋ ಅಂತಲೇ ಹೋದೆ. ಸಂಕ್ರಾಂತಿ ಮುಗಿದು ಎರಡು ದಿನ, ಎಳ್ಳು ಬೆಲ್ಲದ ಪೊಟ್ಟಣ ಕೊಟ್ಟೆ. ಮೇಡಂ ಅದನ್ನು ಪಕ್ಕಕ್ಕಿಟ್ಟು ನನ್ನ ಊಟದ ಡೈರಿ ತೆಗೆದರು. ನೀಟಾಗಿ ಬರೆದಿದ್ದೆ, ಕೆಂಪು ಇಂಕಿನಲ್ಲಿ ಮೊತ್ತ ಸಮೇತ. ಬೆಳಗ್ಗೆ ಒಂದು ಇಡ್ಲಿ, ಮಧ್ಯಾಹ್ನ ಅರ್ಧ ಬಟ್ಟಲು ಮೊಸರನ್ನ, ರಾತ್ರಿ ಒಂದು ಮೊಟ್ಟೆ, ಗಂಜಿ.

"ಸರ್, ಇಷ್ಟೇನಾ?"

"ಇಷ್ಟೇ ಮೇಡಂ."

"11 ಗಂಟೆಗೆ ಅಂಗಡಿಲಿ ಏನೂ ಇಲ್ವಾ?"

"ಏನಿಲ್ಲ. ಬೈ-ಟು ಕಾಫಿ."

"ಎಷ್ಟು ಬೈ-ಟು?"

ನಾನು ಬೆರಳು ಮಡಚಿದೆ. ಅಂಗಡಿ ತೆಗೆದ ಕೂಡಲೇ ಒಂದು. 11ಕ್ಕೆ ಒಂದು. ಊಟ ಆದ ಮೇಲೆ, 4ಕ್ಕೆ, ಗಿರಾಕಿ ಜೊತೆ, ಲೆಕ್ಕ ಮುಗಿಸುವಾಗ. ಆರು. ಬೈ-ಟು ಅಂದರೆ ಅರ್ಧ, ಅರ್ಧವನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರಾ? ಅದರ ಜೊತೆ ಬೆಣ್ಣೆ ಬಿಸ್ಕೆಟ್ ಅದ್ದಿ ತಿನ್ನುತ್ತಿದ್ದೆ, ಅದು ಎದೆಯಲ್ಲಿ ನಿಲ್ಲುವುದಿಲ್ಲ ಅಂತ. ನವೆಂಬರ್‌ನಲ್ಲಿ ಬಸವನಗುಡಿ ಕಡಲೆಕಾಯಿ ಪರಿಷೆಯಿಂದ ತಂದ ಎರಡು ಸೇರು ಕಡಲೆಕಾಯಿ ಡ್ರಾಯರ್‌ನಲ್ಲಿತ್ತು. ಪ್ರೋಟೀನ್ ಅಲ್ವಾ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಮೇಡಂ ಬೈಯಲಿಲ್ಲ. ಒಂದು ಹಾಳೆ ತೆಗೆದು ಕೂಡಿಸಿದರು. ಆರು ಬೈ-ಟು, ಒಂದಕ್ಕೆ ಒಂದೂವರೆ ಚಮಚ ಸಕ್ಕರೆ, ಒಟ್ಟು ಒಂಬತ್ತು ಚಮಚ. ಹಾಲೂ ಸೇರಿ 300 ಕ್ಯಾಲೊರಿ ದಾಟಿತು. ಬಿಸ್ಕೆಟ್ ಬೇರೆ. ನೂರು ಗ್ರಾಂ ಕಡಲೆಬೀಜದಲ್ಲಿ ಪ್ರೋಟೀನ್ 25 ಗ್ರಾಂ ಇರುವುದು ನಿಜ, ಕ್ಯಾಲೊರಿ 550ಕ್ಕಿಂತ ಜಾಸ್ತಿ ಇರುವುದೂ ನಿಜ. ನಾನು ಡೈರಿಯಲ್ಲಿ ಬರೆದದ್ದು ದಿನಕ್ಕೆ 800 ಕೂಡ ಇರಲಿಲ್ಲ. ಬರೆಯದೆ ಬಿಟ್ಟಿದ್ದು ಅದರ ಹತ್ತಿರ ಹತ್ತಿರ.

ನಮ್ಮ ಅಂಗಡಿಯಲ್ಲಿ ಕ್ಯಾಶ್ ತಾಳೆ ಆಗದ ದಿನ ನಾನು ಮೊದಲು ಕೈ ಹಾಕುವುದು ಚಿಲ್ಲರೆ ಖರ್ಚಿನ ಪುಸ್ತಕಕ್ಕೆ. ದೊಡ್ಡ ಬಿಲ್‌ಗಳು ಯಾವತ್ತೂ ಸರಿ ಇರುತ್ತವೆ. ಆಟೋ, ಟೀ, ಹಮಾಲಿ, ಅಲ್ಲೇ ಸೋರುವುದು. 27 ವರ್ಷದಿಂದ ಹುಡುಗರನ್ನು ಇದೇ ಮಾತಿಗೆ ಬೈಯುತ್ತಾ ಬಂದಿದ್ದೇನೆ. ಆವತ್ತು ಮೇಡಂ ಮುಂದೆ ಕೂತು ಮುಖ ಎತ್ತಲಾಗಲಿಲ್ಲ.

ಆಮೇಲೆ ಅವರು ಇನ್ನೊಂದು ಹೇಳಿದರು, ಅದು ನನಗೆ ಹೊಸದು. ಗಟ್ಟಿ ಪದಾರ್ಥ, ಪನೀರ್, ಮೊಟ್ಟೆ, ಬೆಂದ ಕಾಳು, ಆ ಕೊಳವೆಯಲ್ಲಿ ಸ್ವಲ್ಪ ಹೊತ್ತು ಕೂರುತ್ತದೆ. ಕೂತರೆ ಹೊಟ್ಟೆ ತುಂಬಿತು ಅನ್ನಿಸುತ್ತದೆ. ಅದ್ದಿದ ಬಿಸ್ಕೆಟ್, ಕಾಫಿ, ಮೊಸರನ್ನ, ಚುರುಮುರಿ ಕೂರುವುದಿಲ್ಲ, ಜಾರಿ ಹೋಗುತ್ತವೆ. ಎಷ್ಟು ಹಾಕಿದರೂ ಜಾಗ ಇರುತ್ತದೆ. ಮುದ್ದೆಗೆ ಹೆದರಿ ನಾನು ಓಡಿ ಹೋಗಿದ್ದು ಸರಿಯಾಗಿ ಆ ಜಾರುವ ತಿಂಡಿಗಳ ಹತ್ತಿರಕ್ಕೇ.

ತಪ್ಪೆಲ್ಲ ನನ್ನದೇ ಅಂತಲೂ ಅವರು ಬಿಡಲಿಲ್ಲ. ಇನ್ಸುಲಿನ್ ಕೂಡ ತೂಕ ಇಳಿಯುವುದಕ್ಕೆ ಅಡ್ಡ ಬರುತ್ತದೆ ಅಂತ ಶುಗರ್ ಡಾಕ್ಟರಿಗೆ ಚೀಟಿ ಬರೆದು ಕೊಟ್ಟರು. ಡಾಕ್ಟರು ರಿಪೋರ್ಟ್ ನೋಡಿ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡಿ ಮಾರ್ಚ್‌ನಲ್ಲಿ ನಿಲ್ಲಿಸಿದರು. (ನೀವಾಗಿ ನಿಲ್ಲಿಸಬೇಡಿ, ದಯವಿಟ್ಟು.) ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುವ ಪರೀಕ್ಷೆ, 9.1 ಇದ್ದದ್ದು 6.4 ಆಗಿತ್ತು. ಆ ಕಾಗದ ಮೂರು ವಾರದಿಂದ ನನ್ನ ಫೈಲ್‌ನಲ್ಲೇ ಇತ್ತು, ಆ್ಯಪ್ ಅದಕ್ಕೆ ಒಂದು ಸಲವೂ ಟಿಂಗ್ ಅನ್ನಲಿಲ್ಲ.

ಆ ಭೇಟಿಗೆ ಕಾಗದದ ಮೇಲೆ 15 ನಿಮಿಷ. ಮೇಡಂ 40 ನಿಮಿಷ ಕೊಟ್ಟರು, ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟುವ ತನಕ.

ಈಗ ಜೂನ್. ನನ್ನ ತೂಕ 93. ಅಂದರೆ 25 ಕೆಜಿ ಇಳಿದಿದೆ. ನನ್ನ ಎತ್ತರಕ್ಕೆ ಜಾಸ್ತಿ ಇದ್ದದ್ದು ಸುಮಾರು 47 ಕೆಜಿ, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿದೆ. ಅರ್ಧ ದಾಟಿದರೆ ಆಪರೇಷನ್ ಗೆದ್ದ ಹಾಗೆ ಅಂತ ಡಾಕ್ಟರುಗಳ ಹಳೇ ಲೆಕ್ಕ. ಆ್ಯಪ್ ಪ್ರಕಾರ ನಾನು ಈಗಲೂ ಹಿಂದೆ ಇದ್ದೇನೆ. ಏಪ್ರಿಲ್‌ನಲ್ಲಿ ಮತ್ತೆ ಮೂರು ವಾರ ನಿಂತಿತ್ತು, ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ, ಆಮೇಲೆ ತಾನಾಗಿಯೇ ಇಳಿಯಿತು. ಬೇಜಾರು ಆಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮೊನ್ನೆ ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಲ್ಲಿ ಎಸ್ಕಲೇಟರ್ ಕೆಟ್ಟು ನಿಂತಿತ್ತು. ಆ ಸ್ಟೇಷನ್ ಎಷ್ಟು ಆಳ ಅಂತ ಹೋದವರಿಗೆ ಗೊತ್ತು. ನಾನು ಬೈದುಕೊಂಡೇ ಹತ್ತಿದೆ, ಮೇಲೆ ಬಂದ ಮೇಲೆ ನೆನಪಾಯಿತು, ನಡುವೆ ಎಲ್ಲೂ ನಿಂತಿರಲಿಲ್ಲ.

ಪ್ಯಾಕೇಜ್ ತೆಗೆದುಕೊಳ್ಳಬೇಕಾ? ಕೇಳಿದರೆ ನನ್ನ ಉತ್ತರ: ಪೂರ್ತಿ ಬೇಡ. ರಕ್ತ ಪರೀಕ್ಷೆ ಹೊರಗೆ ಕಮ್ಮಿಗೆ ಆಗುತ್ತದೆ. ಬಿ12, ಕಬ್ಬಿಣ, ವಿಟಮಿನ್ ಡಿ ಮಾತ್ರ ತಪ್ಪದೆ ನೋಡಿಸಿ. ತೂಕದ ಮೆಷಿನ್ ಎಲ್ಲಾದರೂ ಸಿಗುತ್ತದೆ. ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಆರೂ ಸಲ ಅದೇ ಡಯಟೀಷಿಯನ್ ಸಿಗುತ್ತಾರಾ? ನನ್ನ ಪುಣ್ಯ, ಸಿಕ್ಕರು. ನಮ್ಮ ಮೀಟಿಂಗ್‌ನಲ್ಲಿ ಒಬ್ಬರಿಗೆ ಆರು ಸಲಕ್ಕೆ ನಾಲ್ಕು ಜನ ಬದಲಾದರು, ಪ್ರತಿ ಸಲವೂ ಇಡ್ಲಿಯಿಂದಲೇ ಶುರು.

ಎರಡನೇ ವರ್ಷಕ್ಕೆ ಆ್ಯಪ್ ಬೇಡ, ಮೇಡಂ ಭೇಟಿ ಮಾತ್ರ ಕೊಡಿ ಅಂತ ಕೌಂಟರ್‌ನಲ್ಲಿ ಕೇಳಿದೆ. ಸಿಸ್ಟಂನಲ್ಲಿ ಹಾಗೆ ಬರಲ್ಲ ಸರ್ ಅಂದರು. ಸರಿ ಅಂತ ಒಂದೊಂದೇ ಭೇಟಿಗೆ 700 ಕೊಟ್ಟು ಹೋಗುತ್ತಿದ್ದೇನೆ.

ಕಾಫಿ ಬಿಟ್ಟಿಲ್ಲ. ದಿನಕ್ಕೆ ಎರಡು ಬೈ-ಟು, ಸಕ್ಕರೆ ಇಲ್ಲದೆ. ಹೋಟೆಲ್ ಹುಡುಗನಿಗೆ ಹೇಳಿದ್ದೇನೆ. ಕೆಲವು ದಿನ ಅವನು ಮರೆತು ಸಕ್ಕರೆ ಹಾಕಿಯೇ ತರುತ್ತಾನೆ. ನಾನು ವಾಪಸ್ ಕಳಿಸುವುದಿಲ್ಲ. ಕುಡಿದು, ಡೈರಿಯಲ್ಲಿ ಬರೆಯುತ್ತೇನೆ.