ಟಸ್ಕನಿಯ ಹಳ್ಳಿಗಾಡಿನಲ್ಲಿ ವಿಲ್ಲಾ ಮೇಲೋ, ಹೋಟೆಲ್ ಮೇಲೋ?

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಿಯೆನಾ ನಗರದ ದಕ್ಷಿಣಕ್ಕಿರುವ ವಾಲ್ ದೋರ್ಚಾ ಕಣಿವೆಯ ಆಸುಪಾಸಿನಲ್ಲಿ ನಾವು ಎರಡೂ ಬಗೆಯ ವಸತಿಯಲ್ಲಿ ತಂಗಿದ್ದೇವೆ. ಒಂದು ಬೇಸಿಗೆಯಲ್ಲಿ ಅಪ್ಪ, ಅಮ್ಮ, ಅಕ್ಕನ ಸಂಸಾರ ಎಲ್ಲರೂ ಸೇರಿ ಮೊಂಟೆಪುಲ್ಚಾನೊ ಸಮೀಪದ ಹಳೆಯ ಕಲ್ಲುಗೋಡೆಯ ವಿಲ್ಲಾವೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಇನ್ನೊಮ್ಮೆ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ನಾವಿಬ್ಬರೇ ಹೋಗಿ ಪಿಯೆಂಜಾ ಬಳಿಯ ಸಣ್ಣ ಹೋಟೆಲಿನಲ್ಲಿ ಇಳಿದುಕೊಂಡಿದ್ದೆವು. ಸುತ್ತಾಡಿದ ಊರುಗಳು ಎರಡು ಸಲವೂ ಹೆಚ್ಚುಕಡಿಮೆ ಅವೇ. ಆದರೂ ಎರಡು ಪ್ರವಾಸಗಳ ದಿನಚರಿಯಲ್ಲಿ ಹೋಲಿಕೆಯೇ ಇರಲಿಲ್ಲ. ವಿಲ್ಲಾ ಅಥವಾ ಹೋಟೆಲ್ ಎಂಬ ಆಯ್ಕೆಯು, ರಜೆಯಲ್ಲಿ ಮನೆಗೆಲಸವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ನಾವು ಮುಂಚಿತವಾಗಿ ಕೊಡುವ ಉತ್ತರ ಎಂದೇ ನಾನು ತಿಳಿದಿದ್ದೇನೆ.

ಮೊದಲು ಹಣದ ಮಾತು. ವಿಲ್ಲಾದ ಬಾಡಿಗೆಯನ್ನು ತಲೆಗೆ ಹಂಚಿ ನೋಡಿದಾಗ ಅಗ್ಗವೆನಿಸುತ್ತದೆ. ಆದರೆ ಬಾಡಿಗೆಯ ಮೊತ್ತವೇ ಪೂರ್ಣ ಖರ್ಚಲ್ಲ. ಕೊನೆಯ ದಿನದ ಶುಚಿಗೊಳಿಸುವ ಶುಲ್ಕ, ಭದ್ರತಾ ಠೇವಣಿ, ಚಳಿ ದಿನಗಳಲ್ಲಿ ಮೀಟರ್ ನೋಡಿ ವಸೂಲು ಮಾಡುವ ಹೀಟಿಂಗ್ ವೆಚ್ಚ ಇವೆಲ್ಲ ಒಪ್ಪಂದದ ಕೆಳಸಾಲುಗಳಲ್ಲಿ ಇರುತ್ತವೆ. ಸ್ಥಳೀಯ ಪುರಸಭೆಯ ಪ್ರವಾಸಿ ತೆರಿಗೆಯು ತಲೆಗಿಷ್ಟು, ರಾತ್ರಿಗಿಷ್ಟು ಎಂಬ ಲೆಕ್ಕದಲ್ಲಿ ಬರುತ್ತದೆ. ಅದು ಹೋಟೆಲಿಗೂ ತಪ್ಪಿದ್ದಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಹುಪಾಲು ವಿಲ್ಲಾಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುವುದರಿಂದ, ನಾಲ್ಕು ದಿನ ಇದ್ದು ರೋಮ್ ಕಡೆಗೆ ಹೊರಡುವವರು ಇಡೀ ವಾರದ ಬಾಡಿಗೆ ತೆರಬೇಕಾಗುತ್ತದೆ. ಆರು ಜನಕ್ಕಿಂತ ಹೆಚ್ಚಿದ್ದು ಪೂರ್ತಿ ವಾರ ಉಳಿಯುವುದಾದರೆ ವಿಲ್ಲಾ ನಿಸ್ಸಂದೇಹವಾಗಿ ಮಿತವ್ಯಯದ್ದು; ಇಬ್ಬರಿಗಾದರೆ, ಬೆಳಗಿನ ಉಪಾಹಾರವನ್ನೂ ಒಳಗೊಂಡ ಹೋಟೆಲ್ ಕೋಣೆಯೇ ಲಾಭ.

ಭಾರತದಿಂದ ಹೊರಡುವವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಅರ್ಜಿಯೊಂದಿಗೆ ವಸತಿಯ ದಾಖಲೆಯನ್ನು ಕೊಡಬೇಕು, ಅಂದರೆ ವೀಸಾ ಕೈಗೆ ಬರುವ ಮೊದಲೇ ಕಾದಿರಿಸಿರಬೇಕು. ಹೋಟೆಲುಗಳಲ್ಲಿ ಕೆಲವು ದಿನ ಮೊದಲಿನವರೆಗೆ ಉಚಿತವಾಗಿ ರದ್ದು ಮಾಡುವ ಅವಕಾಶ ಸಾಮಾನ್ಯವಾಗಿ ಸಿಗುತ್ತದೆ. ವಿಲ್ಲಾದವರು ಬಾಡಿಗೆಯ ಒಂದು ಭಾಗವನ್ನು ಮುಂಗಡವಾಗಿ ಪಡೆಯುತ್ತಾರೆ. ವೀಸಾ ತಿರಸ್ಕೃತವಾದರೂ ಆ ಹಣ ಮರಳಿ ಬರುವುದು ಅಪರೂಪ. ಆದ್ದರಿಂದ ವಿಲ್ಲಾದವರೊಡನೆ ಬಾಡಿಗೆಯ ಚೌಕಾಸಿ ಮಾಡುವುದಕ್ಕಿಂತ, ವೀಸಾ ಸಿಗದಿದ್ದರೆ ಮುಂಗಡ ಹಿಂದಿರುಗಿಸುವಂತೆ ಬರಹದಲ್ಲಿ ಒಪ್ಪಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಊಟದ ವಿಷಯದಲ್ಲಿ ವಿಲ್ಲಾ ಬಹಳ ಮುಂದಿದೆ. ಟಸ್ಕನಿಯ ಅಡುಗೆಯಲ್ಲಿ ಸಸ್ಯಾಹಾರಿಗಳಿಗೆ ಕೊರತೆಯಿಲ್ಲ: ದೊಡ್ಡೆಸಳಿನ ಬೆಳ್ಳುಳ್ಳಿ ಮತ್ತು ಟೊಮೆಟೊ ಬೇಯಿಸಿದ ಗೊಜ್ಜಿನಲ್ಲಿ ಕಲಸಿದ ಪಿಚಿ ಎಂಬ ದಪ್ಪ ಶಾವಿಗೆ, ಮತ್ತು ಹಳೆಯ ಬ್ರೆಡ್, ಕಾಳು, ಸೊಪ್ಪು ಹಾಕಿ ಮಾಡುವ ರಿಬೊಲ್ಲಿತಾ ಎಂಬ ಗಟ್ಟಿ ಸೂಪ್ ಇವೆರಡನ್ನೂ ನಾನು ದಿನವೂ ತಿನ್ನಬಲ್ಲೆ. ಆದರೆ ಪಾರ್ಮಿಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆಂದು ತಿಳಿದ ಮೇಲೆ ಅಮ್ಮ ಹೊರಗಿನ ಪಾಸ್ತಾವನ್ನು ಮುಟ್ಟಲಿಲ್ಲ. ಅದೂ ಅಲ್ಲದೆ ಅಲ್ಲಿಯ ರೆಸ್ಟೋರೆಂಟುಗಳು ಮಧ್ಯಾಹ್ನ ಎರಡೂವರೆಗೆಲ್ಲ ಒಲೆ ಆರಿಸಿದರೆ ಮತ್ತೆ ಅಡುಗೆ ಆರಂಭಿಸುವುದು ಸಂಜೆ ಏಳೂವರೆಗೆ. ವಯಸ್ಸಾದವರಿಗೂ ಮಕ್ಕಳಿಗೂ ಆ ಹೊತ್ತು ಒಗ್ಗುವುದಿಲ್ಲ. ವಿಲ್ಲಾದ ಅಡುಗೆಮನೆಯಲ್ಲಿ ನಾವು ಒಯ್ದಿದ್ದ ಸಾರಿನಪುಡಿ, ಅಲ್ಲಿಯೇ ಸಿಕ್ಕ ಕೆಂಪು ಮಸೂರಬೇಳೆ, ಬಾಸ್ಮತಿ ಅಕ್ಕಿಗಳಿಂದ ಎಂಟು ಗಂಟೆಯೊಳಗೆ ಎಲ್ಲರ ಊಟ ಮುಗಿಯುತ್ತಿತ್ತು. ತುಪ್ಪವನ್ನು ಮಾತ್ರ ಊರಿನಿಂದ ಒಯ್ಯುವಂತಿಲ್ಲ, ಏಕೆಂದರೆ ಐರೋಪ್ಯ ಒಕ್ಕೂಟವು ಹೊರದೇಶದ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವುದನ್ನು ನಿಷೇಧಿಸಿದೆ.

ಆದರೆ ಅಡುಗೆಮನೆ ಇದ್ದಲ್ಲಿ ಅಡುಗೆಯವರೂ ಇರಲೇಬೇಕಲ್ಲ. ನಮ್ಮಲ್ಲಿ ಆ ಪಾಲು ಅಕ್ಕನದೂ ನನ್ನದೂ ಆಯಿತು. ಭಾವನವರು ಪಾತ್ರೆ ತೊಳೆದದ್ದನ್ನು ಇಲ್ಲಿ ದಾಖಲಿಸದಿದ್ದರೆ ಅನ್ಯಾಯವಾದೀತು. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವ್ಯಾಟ್ ವಿದ್ಯುತ್ ಸಂಪರ್ಕ. ಅವನ್ ಮತ್ತು ವಾಷಿಂಗ್ ಮಷೀನ್ ನಡೆಯುತ್ತಿರುವಾಗ ಯಾರಾದರೂ ಕಾಫಿಗೆಂದು ಕೆಟಲ್ ಹಾಕಿದರೆ ಮನೆಯೆಲ್ಲ ಕತ್ತಲಾಗುತ್ತಿತ್ತು. ಸ್ವಿಚ್ ಮೇಲೆತ್ತಬೇಕಾದ ಮೀಟರ್ ಪೆಟ್ಟಿಗೆ ಗೇಟಿನ ಪಕ್ಕದ ಗೋಡೆಯಲ್ಲಿದ್ದುದರಿಂದ, ಟಾರ್ಚ್ ಹಿಡಿದು ಜಲ್ಲಿ ಹಾದಿಯಲ್ಲಿ ಅಲ್ಲಿಯವರೆಗೆ ನಡೆಯಬೇಕಿತ್ತು. ಕಸವನ್ನು ಹಸಿ, ಕಾಗದ, ಗಾಜು, ಪ್ಲಾಸ್ಟಿಕ್ ಎಂದು ಬೇರ್ಪಡಿಸಿ, ನಿಗದಿಯಾದ ದಿನ ಹೊರಗಿಡುವುದೂ ಬಾಡಿಗೆದಾರರ ಕೆಲಸವೇ. ಹೋಟೆಲಿನಲ್ಲಿ ಇವು ಯಾವುವೂ ನಮ್ಮ ಗಮನಕ್ಕೂ ಬರಲಿಲ್ಲ. ಹಾಸಿಗೆ ತನ್ನಷ್ಟಕ್ಕೆ ಸಿದ್ಧವಾಗುತ್ತಿತ್ತು, ಕೋಣೆಯಲ್ಲಿ ಎಸಿ ಇತ್ತು. ಕಲ್ಲುಮನೆ ಹಗಲಲ್ಲಿ ತಂಪಾಗಿದ್ದರೂ, ಮೇಲ್ಮಹಡಿಯ ಕೋಣೆಗಳಲ್ಲಿ ಜುಲೈ ರಾತ್ರಿಯ ಸೆಕೆಗೂ ಸೊಳ್ಳೆಗಳಿಗೂ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ತಿಳಿಯುತ್ತಿರಲಿಲ್ಲ.

ಕಾರು ಎರಡಕ್ಕೂ ಬೇಕು. ಕಿಯೂಸಿ ನಿಲ್ದಾಣದವರೆಗೆ ರೋಮ್ ಮತ್ತು ಫ್ಲಾರೆನ್ಸ್ ಎರಡು ಕಡೆಯಿಂದಲೂ ರೈಲು ಬರುತ್ತದೆ, ಆದರೆ ಅಲ್ಲಿಂದ ಮುಂದಿನ ಬಸ್ಸುಗಳನ್ನು ನಂಬಿ, ಅದರಲ್ಲೂ ಭಾನುವಾರ, ಏನನ್ನೂ ಯೋಜಿಸುವಂತಿಲ್ಲ. ನಮ್ಮ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿಯೂ ಇರಲೇಬೇಕು. ಕೋಟೆಗೋಡೆಯ ಒಳಗಿನ ಹಳೆಯ ಊರುಗಳಲ್ಲಿ ಹೊರಗಿನ ವಾಹನಗಳಿಗೆ ಪ್ರವೇಶ ನಿರ್ಬಂಧವಿದ್ದು, ಕ್ಯಾಮೆರಾ ಹಿಡಿದ ಚಿತ್ರದ ದಂಡ ತಿಂಗಳುಗಳ ನಂತರ ಬರುವುದೂ ಉಂಟು. ಅಂಥ ವಲಯದಲ್ಲಿರುವ ಹೋಟೆಲುಗಳು ಅತಿಥಿಯ ಕಾರಿನ ಸಂಖ್ಯೆಯನ್ನು ನೋಂದಾಯಿಸಿ ಕೊಡುತ್ತವೆಯೇ ಎಂದು ಮೊದಲೇ ಕೇಳಬೇಕು.

ಎರಡನ್ನೂ ನೋಡಿದ ಬಳಿಕ ನನ್ನ ಮನಸ್ಸು ಒಲಿದಿರುವುದು ಇವೆರಡರ ನಡುವಿನ ಅಗ್ರಿಟುರಿಸ್ಮೊ ಎಂಬ ಕೃಷಿಕರ ತೋಟದ ವಸತಿಯ ಕಡೆಗೆ. ಕೊಡಗಿನ ಕಾಫಿ ತೋಟದ ಹೋಂಸ್ಟೇ ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. 1985ರಲ್ಲಿ ಮೊದಲ ಬಾರಿಗೆ ರೂಪುಗೊಂಡು 2006ರಲ್ಲಿ ಪರಿಷ್ಕೃತವಾದ ಇಟಲಿಯ ಕಾನೂನಿನಂತೆ, ಇಲ್ಲಿ ಕೃಷಿಯೇ ಮುಖ್ಯ ಕಸುಬಾಗಿರಬೇಕು, ಅತಿಥಿ ಸತ್ಕಾರ ಅದಕ್ಕೆ ಪೂರಕವಾಗಿರಬೇಕು. ಹಲವು ಕಡೆ ಪುಟ್ಟ ಅಡುಗೆಮನೆಯಿರುವ ಬಿಡಿ ಮನೆಗಳನ್ನು ಕೊಡುತ್ತಾರೆ. ಅಡುಗೆ ಬೇಡವೆನಿಸಿದ ದಿನ ಮನೆಯೊಡತಿಯೇ ತೋಟದ ತರಕಾರಿಯಿಂದ ಅಡುಗೆ ಮಾಡಿ ಬಡಿಸುವಲ್ಲಿ ಚೀಸ್ ಹಾಕಬೇಡಿ ಎಂದು ನೇರವಾಗಿ ಹೇಳಲೂಬಹುದು. ಅಪ್ಪ, ಅಮ್ಮನ ಜೊತೆಗೆ ಮತ್ತೆ ಹೋಗುವುದಾದರೆ ನಾನು ಹುಡುಕುವುದು ಇದನ್ನೇ. ಇಬ್ಬರೇ ಆದರೆ ಹೋಟೆಲ್ ಸಾಕು.

ಯಾವುದನ್ನೇ ಆರಿಸಿದರೂ, ಜಾಹೀರಾತಿನಲ್ಲಿ ಆ ವಸತಿಗೆ ಇಟಲಿ ಸರ್ಕಾರ ಕೊಟ್ಟ ರಾಷ್ಟ್ರೀಯ ನೋಂದಣಿ ಸಂಕೇತ (CIN) ಇದೆಯೇ ಎಂದು ನೋಡಿಯೇ ಹಣ ಕಳುಹಿಸಬೇಕು. 2025ರ ಜನವರಿಯಿಂದ ಪ್ರವಾಸಿಗಳಿಗೆ ಅಲ್ಪಾವಧಿಗೆ ಕೊಡುವ ಮನೆಗಳಿಗೂ ಹೋಟೆಲುಗಳಿಗೂ ಅದು ಕಡ್ಡಾಯ.