ಸಬ್‌ವೂಫರ್ ಬದಲಿಸಲು ಹೊರಟವರು ಮೊದಲು ಬಾನೆಟ್ ತೆರೆದು ನೋಡಿ

ಕೈಮರ ದಾಟಿ ಸೀತಾಳಯ್ಯನಗಿರಿಯ ಕಡೆಗೆ ಏರುತ್ತಿದ್ದೆವು. ಹಿಂದೆ ಕುಳಿತಿದ್ದ ತಂಗಿ, "ಅಣ್ಣ, ಏನೋ ಸುಟ್ಟ ವಾಸನೆ ಬರುತ್ತಿದೆ" ಎಂದಳು. ಏರುದಾರಿಯಲ್ಲಿ ಕ್ಲಚ್ ಕಾದಿರಬೇಕು ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಎದ್ದಿತು. ಮಕ್ಕಳನ್ನು ಇಳಿಸಿದೆವು. ಎಂಜಿನ್ ಆರಿಸಿದರೂ ಹೊಗೆ ನಿಲ್ಲಲಿಲ್ಲ. ಹಿಂದಿನಿಂದ ಬಂದ ಬಾಡಿಗೆ ಜೀಪಿನ ಚಾಲಕ ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿದು ಓಡಿಬಂದು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ ಮೇಲೆಯೇ ಅದು ಅಡಗಿದ್ದು. ಅವರ ಹೆಸರನ್ನೂ ಕೇಳದೆ ಬಂದೆ, ಆ ನಾಚಿಕೆ ಈಗಲೂ ಇದೆ.

ಇಷ್ಟಕ್ಕೆಲ್ಲ ಕಾರಣ ಹಾಡು ಕೇಳುವ ಚಪಲ. ನನ್ನದು 2016ರ ಎಸ್‌ಯುವಿ, ಎರಡನೆಯ ಕೈಯಿಂದ ಕೊಂಡದ್ದು. ಹಿಂಬದಿಯ ಪ್ಯಾನೆಲ್ ಒಳಗೆ ಕಂಪನಿಯೇ ಕೂರಿಸಿದ ಸಬ್‌ವೂಫರ್, ಅಂದರೆ ತಗ್ಗುದನಿಯ ಸದ್ದಿಗೆಂದೇ ಇರುವ ಸ್ಪೀಕರ್, ಇದೆ. ಮೃದಂಗದ ಎಡಗೈ ಪೆಟ್ಟು ಬಿದ್ದಾಗಲೆಲ್ಲ ಅದು ಹರಿದ ತಮಟೆಯಂತೆ ಬರಬರ ಎನ್ನತೊಡಗಿತ್ತು. ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಒಯ್ದೆ. ಹೆಸರು ಬರೆಯುವುದಿಲ್ಲ, ಕೇಳಬೇಡಿ. "ಒಂದು ಗಂಟೆಯ ಕೆಲಸ ಸಾರ್, ಕಾಫಿ ಕುಡಿದು ಬನ್ನಿ" ಎಂದರು. ಕುಡಿದು ಬಂದೆ. ಅಲ್ಲೇ ನಿಂತಿರಬೇಕಿತ್ತು.

ಹೊಸ ಸಬ್‌ವೂಫರ್ ಹಾಕಿದ ಮೇಲೆ ಸದ್ದು ಹಳೆಯದಕ್ಕಿಂತಲೂ ಸಣಕಲಾಯಿತು. ಗುಟ್ಟು ಇಷ್ಟೇ: ಕಂಪನಿಯದು 2 ಓಮ್, ಹೊಸದು 4 ಓಮ್. ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. ಸ್ಪೀಕರಿಗೆ ಬಲ ತುಂಬುವ ಆಂಪ್ಲಿಫೈಯರ್ ಅದೇ, ಅದು ಕೊಡುವ ವೋಲ್ಟೇಜ್ ಅದೇ. ಓಮ್ ಇಮ್ಮಡಿಯಾದರೆ ಸ್ಪೀಕರಿಗೆ ಸಿಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ ಹೊಸದರ ಕೋನ್ (ಅದುರಿ ಸದ್ದು ಹೊರಡಿಸುವ ಬಟ್ಟಲು) ಭಾರ, ಕೂರಿಸಿದ್ದು ಹಳೆಯ ಸಣ್ಣ ಡಬ್ಬಿಯಲ್ಲಿ. ಸ್ಪೀಕರಿನ ತಂತಿ ಬಿಚ್ಚಿ ಮಲ್ಟಿಮೀಟರ್ ಇಟ್ಟಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. 4 ಓಮಿನದು ಮೀಟರಿನಲ್ಲಿ 4ಕ್ಕಿಂತ ತುಸು ಕಡಿಮೆ ತೋರಿಸುತ್ತದೆ, 2 ಓಮಿನದು 2ಕ್ಕಿಂತ ತುಸು ಕಡಿಮೆ. ಅಂಗಡಿಯಲ್ಲಿ ಮೀಟರ್ ಗೋಡೆಗೆ ನೇತುಬಿದ್ದಿತ್ತು. ಯಾರೂ ಮುಟ್ಟಲಿಲ್ಲ. ಕಡಿಮೆ ಓಮಿನ ಸ್ಪೀಕರ್ ಹಾಕಿದರಾಯಿತು ಎಂದುಕೊಳ್ಳಬೇಡಿ; ಆಂಪ್ಲಿಫೈಯರ್ ತಾಳುವ ಮಿತಿಗಿಂತ ಕೆಳಗಿಳಿದರೆ ಅದು ಕಾದು ಬಾಯಿ ಮುಚ್ಚುತ್ತದೆ.

ಮರುವಾರ ಹೋಗಿ ದೂರಿದೆ. "ಇದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು ಸಾರ್" ಎಂದು 1,200 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಪೆಟ್ಟಿಗೆ ತೋರಿಸಿದರು. ಆ ಅಕ್ಷರಗಳನ್ನು ನಂಬಬೇಡಿ, ಪಕ್ಕದಲ್ಲಿ ಚುಚ್ಚಿರುವ ಫ್ಯೂಸ್ ನೋಡಿ. ನನ್ನದರಲ್ಲಿ 30 ಆಂಪಿಯರಿನ ಒಂದೇ ಫ್ಯೂಸ್ ಇತ್ತು. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಗುಣಿಸಿದರೆ 420 ವ್ಯಾಟ್. ಅದೂ ಒಳಗೆ ಹೋಗುವುದು. ಅದರಲ್ಲೊಂದು ಪಾಲು ಬಿಸಿಯಾಗಿಯೇ ಕಳೆದುಹೋಗುತ್ತದೆ. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟು ಎಂದು. ಈ ಲೆಕ್ಕ ನನಗೆ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಸ್ಪೀಕರ್, ಆಂಪ್ಲಿಫೈಯರ್, ತಂತಿ, ಕೂಲಿ ಎಲ್ಲ ಸೇರಿ 26,000 ರೂಪಾಯಿ.

ಇನ್ನೊಂದು ಪೀಡೆ ಅದರ ಜೊತೆಗೇ ಬಂತು. ಸಂಗೀತ ಆರಿಸಿದ್ದರೂ ಎಂಜಿನ್ ಒಂದು ವೇಗಕ್ಕೆ ಬಂದೊಡನೆ ಕಿವಿ ಗುಂಯ್ಗುಟ್ಟುತ್ತಿತ್ತು. ಎಂಜಿನ್ನಿನ ಮೊರೆತವನ್ನು ಎದುರುಸದ್ದಿನಿಂದ ಅಳಿಸುವ ವ್ಯವಸ್ಥೆ ನನ್ನ ಗಾಡಿಯಲ್ಲಿದೆ. ಚಾವಣಿಯ ಮೈಕುಗಳು ಕೇಳಿಸಿಕೊಳ್ಳುತ್ತವೆ, ಸ್ಪೀಕರುಗಳು ಎದುರುಸದ್ದು ಹೊರಡಿಸುತ್ತವೆ. ಸಬ್‌ವೂಫರಿನ ಜೋರು ಬದಲಾಗಿ ಅಲೆಗಳ ತಾಳ ತಪ್ಪಿದರೆ, ಅಳಿಸಬೇಕಾದ ಮೊರೆತವನ್ನೇ ಅದು ಹೆಚ್ಚಿಸುತ್ತದೆ. ಅಂಗಡಿಯವರು ಟೈರಿನ ದೋಷ ಎಂದರು. ನಿಂತ ಗಾಡಿಯಲ್ಲೂ ಟೈರು ಮೊರೆಯುತ್ತದೆಯೇನಪ್ಪಾ ಎಂದು ಕೇಳುವ ಬುದ್ಧಿ ಆಗ ನನಗೆ ಬರಲಿಲ್ಲ.

ಇವೆಲ್ಲ ಕಿರಿಕಿರಿ, ಸಹಿಸಿಕೊಂಡೆ. ಜೀವಕ್ಕೆ ಬಂದದ್ದು ತಂತಿ. ಬೆಟ್ಟದಿಂದ ಎಳೆಸಿಕೊಂಡು ಬಂದ ಗಾಡಿಯನ್ನು ಹಾಸನದ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದೆ. ಅವರು ಬಾನೆಟ್ ಎತ್ತಿ, ಹೊಸ ಆಂಪ್ಲಿಫೈಯರಿಗೆಂದು ಬ್ಯಾಟರಿಯಿಂದ ಹೊರಟ ಕೆಂಪು ತಂತಿಯನ್ನು ಬೆರಳಲ್ಲಿ ಹಿಡಿದು ಒಳಗಿನವರೆಗೆ ಹಿಂಬಾಲಿಸಿ, "ಗೌಡರೇ, ಇದರಲ್ಲಿ ಫ್ಯೂಸ್ ಎಲ್ಲಿ?" ಎಂದರು. ಆಂಪ್ಲಿಫೈಯರಿನಲ್ಲಿ ಇದೆಯಲ್ಲ ಎಂದೆ. "ಅದು ಆಂಪ್ಲಿಫೈಯರನ್ನು ಕಾಯುತ್ತದೆ. ತಂತಿಯನ್ನು ಕಾಯುವವರು ಯಾರು?"

ಬ್ಯಾಟರಿಯಿಂದ ಹಿಂದಿನ ಡಿಕ್ಕಿಯವರೆಗೆ ಐದು ಮೀಟರ್ ತಂತಿ. ದಾರಿಯಲ್ಲಿ ಎಲ್ಲಾದರೂ ಅದು ಗಾಡಿಯ ಮೈಗೆ ತಗಲಿದರೆ ಬ್ಯಾಟರಿಯ ಇಡೀ ಬಲ ಅಲ್ಲಿಗೆ ನುಗ್ಗುತ್ತದೆ, ತುದಿಯಲ್ಲಿರುವ ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಅಂಗಡಿಯವರು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ತೂತು ಕೊರೆದು, ರಬ್ಬರ್ ಬುಷ್ ಹಾಕದೆ ತಂತಿ ತೂರಿಸಿದ್ದರು. ತೋಟದ ಕಲ್ಲುದಾರಿಯಲ್ಲಿ ಮೂರು ತಿಂಗಳು ಕುಲುಕಾಡಿ ತಗಡಿನ ಅಂಚು ಅದರ ಮೈಯನ್ನು ಕೊಯ್ದಿತ್ತು. ಉಳಿದ ತುಂಡನ್ನು ಅವರು ಬ್ಲೇಡಿನಿಂದ ಕೆರೆದು ತೋರಿಸಿದರು: ಹೊರಗೆ ತಾಮ್ರದ ಲೇಪ, ಒಳಗೆ ಬೆಳ್ಳನೆಯ ಅಲ್ಯೂಮಿನಿಯಂ. ಅಷ್ಟೇ ದಪ್ಪದ ಅಪ್ಪಟ ತಾಮ್ರ ಹೊರುವುದರ ಮೂರರಲ್ಲಿ ಎರಡು ಪಾಲನ್ನು ಅದು ಹೊತ್ತರೆ ಹೆಚ್ಚು. ಬಿಲ್ಲಿನಲ್ಲಿ ಮಾತ್ರ ತಾಮ್ರ ಎಂದೇ ಇತ್ತು.

ವಿಮೆಯ ಕಡೆಯಿಂದ ಬಿಡಿಗಾಸು ಬರಲಿಲ್ಲ. ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳನ್ನು ಪಾಲಿಸಿಯಲ್ಲಿ ಬರೆಸಿ, ಅವುಗಳ ಬೆಲೆಯ ನೂರಕ್ಕೆ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಂತೆ. ನನ್ನ ಲೆಕ್ಕದಲ್ಲಿ 1,040 ರೂಪಾಯಿ. ಕಟ್ಟಿರಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಕೊನೆಗೆ. ಕಂಪನಿಯ ಹಳೆಯ ಸಬ್‌ವೂಫರನ್ನು ಎಸೆಯದೆ ಇಟ್ಟಿದ್ದೆ. ಅದೇ ಎಲೆಕ್ಟ್ರಿಷಿಯನ್ ಅದನ್ನು ಜಾತ್ರೆಯ ಮೈಕ್‌ಸೆಟ್ ರಿಪೇರಿ ಮಾಡುವವರೊಬ್ಬರ ಬಳಿಗೆ ಕಳುಹಿಸಿದರು. ಅವರು ಕೋನನ್ನು ಬೆರಳಿನಿಂದ ಒತ್ತಿ ನೋಡಿ, ಒಳಗಿನ ತಂತಿಸುರುಳಿ (ಕಾಯಿಲ್) ಚೆನ್ನಾಗಿದೆ, ಸುತ್ತಲಿನ ಫೋಮ್ ಅಂಚು ಮಾತ್ರ ಪುಡಿಯಾಗಿದೆ ಎಂದು ಹೊಸ ಅಂಚು ಅಂಟಿಸಿ ಕೊಟ್ಟರು. 600 ರೂಪಾಯಿ. ಮತ್ತೆ ಅದರ ಜಾಗದಲ್ಲಿ ಕೂರಿಸಿದೆವು. ಎಡಗೈ ಪೆಟ್ಟು ಈಗ ದುಂಡಗೆ ಕೇಳುತ್ತದೆ, ಗುಂಯ್ಗುಡುವುದೂ ನಿಂತಿದೆ.

ಹೊಸ ಸಬ್‌ವೂಫರ್ ಕಾಫಿ ಗೋದಾಮಿನ ಅಟ್ಟದ ಮೇಲಿದೆ. ಬೇಕಾದವರು ಒಯ್ಯಬಹುದು. 4 ಓಮ್ ಎಂದು ಅದರ ಬೆನ್ನ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದೇನೆ.